ಕಪಾಟಿನ ಬಾಗಿಲು ಕಂಡರೆ ಕೈ ನಡುಗುವಷ್ಟು ಸಿಟ್ಟು

ಪ್ರಶ್ನೆ: ನನಗೆ 34 ವರ್ಷ, ಮದುವೆಯಾಗಿ ಆರು ವರ್ಷ. ಗಂಡ ಒಳ್ಳೆಯವರು. ಹೋದ ವರ್ಷ ನನಗೆ ಆಪರೇಷನ್ ಆದಾಗ ರಜೆ ಹಾಕಿ ನೋಡಿಕೊಂಡರು. ಆದರೆ ಕಪಾಟಿನ ಬಾಗಿಲು ತೆಗೆದರೆ ಮುಚ್ಚುವುದಿಲ್ಲ, ಒದ್ದೆ ಟವೆಲ್ ಹಾಸಿಗೆಯ ಮೇಲೇ ಬಿದ್ದಿರುತ್ತದೆ, ನಾನು ಪಕ್ಕದಲ್ಲಿದ್ದರೂ ಮೊಬೈಲಿನಲ್ಲಿ ಜೋರಾಗಿ ವಿಡಿಯೊ ಹಾಕುತ್ತಾರೆ. ಮೊನ್ನೆ ಕೆಲಸದಿಂದ ಬಂದವಳು ಕಪಾಟು ತೆರೆದೇ ಇರುವುದನ್ನು ಕಂಡು ಕೈ ನಡುಗುವಷ್ಟು ಕಿರುಚಾಡಿದೆ. ‘ಕಡ್ಡೀನ ಗುಡ್ಡ ಮಾಡ್ತೀಯಲ್ಲ’ ಅಂದರು. ಹೌದು ಅನ್ನಿಸಿತು, ಆದರೂ ಮರುದಿನ ಅದೇ ಸಿಟ್ಟು. ಆಪರೇಷನ್ ತಡೆದುಕೊಂಡವಳಿಗೆ ಇಷ್ಟು ಸಣ್ಣದನ್ನು ಯಾಕೆ ತಡೆದುಕೊಳ್ಳಲಾಗುತ್ತಿಲ್ಲ? ಅವರ ಮೇಲಿನ ಪ್ರೀತಿಯೇ ಹೋಯಿತೇ?

ಉತ್ತರ: ಪ್ರೀತಿ ಹೋಗಿದೆ ಎನ್ನಲು ನಿಮ್ಮ ಪತ್ರದಲ್ಲಿ ಯಾವ ಆಧಾರವೂ ಇಲ್ಲ. ಆ ಪ್ರಶ್ನೆಯನ್ನು ಸದ್ಯಕ್ಕೆ ಪಕ್ಕಕ್ಕಿಡಿ. ದೊಡ್ಡದನ್ನು ತಡೆದವಳಿಗೆ ಸಣ್ಣದು ಯಾಕೆ ತಡೆಯಲಾಗುತ್ತಿಲ್ಲ ಎಂದು ಕೇಳಿದ್ದೀರಲ್ಲ, ಉತ್ತರ ಅಲ್ಲೇ ಇದೆ.

ದೊಡ್ಡ ಪೆಟ್ಟು ಬಿದ್ದಾಗ ಮನಸ್ಸು ಸುಮ್ಮನಿರುವುದಿಲ್ಲ. ನಾಲ್ಕು ಜನರ ಹತ್ತಿರ ಹೇಳಿಕೊಳ್ಳುತ್ತೇವೆ, ಸಹಾಯ ಕೇಳುತ್ತೇವೆ, ಹೇಗೋ ಸಮಾಧಾನ ಹುಡುಕಿಕೊಳ್ಳುತ್ತೇವೆ. ಸಣ್ಣ ಕಿರಿಕಿರಿಗೆ ಇದ್ಯಾವುದೂ ಇಲ್ಲ. ‘ಇಷ್ಟಕ್ಕೆಲ್ಲ ಏನು’ ಎಂದು ನುಂಗಿಕೊಳ್ಳುತ್ತೇವೆ. ತೀವ್ರವಾದ ನೋವಿಗಿಂತ ಸೌಮ್ಯವಾದ ಬೇಸರವೇ ಕೆಲವೊಮ್ಮೆ ಹೆಚ್ಚು ದಿನ ಉಳಿಯಲು ಇದೇ ಕಾರಣ ಎಂದು ಮನೋವಿಜ್ಞಾನಿ ಡೇನಿಯಲ್ ಗಿಲ್ಬರ್ಟ್ ಮತ್ತು ಸಂಗಡಿಗರು 2004ರಲ್ಲಿ ತೋರಿಸಿದ್ದಾರೆ. ಅದಕ್ಕೂ ಮುಂಚೆ, 1981ರಲ್ಲಿ, ಅಲೆನ್ ಕ್ಯಾನರ್, ರಿಚರ್ಡ್ ಲಜಾರಸ್ ಮತ್ತು ಜೊತೆಯವರು ನಡುವಯಸ್ಸಿನವರನ್ನು ತಿಂಗಳುಗಟ್ಟಲೆ ಗಮನಿಸಿದ್ದರು. ಯಾರ ಮನಸ್ಸು ಕುಗ್ಗುತ್ತದೆ ಎಂಬುದನ್ನು ಬದುಕಿನ ದೊಡ್ಡ ಘಟನೆಗಳಿಗಿಂತ ದಿನನಿತ್ಯದ ತಾಪತ್ರಯಗಳೇ ಚೆನ್ನಾಗಿ ಹೇಳುತ್ತಿದ್ದವು. ಹಾಗಾಗಿ ನಿಮ್ಮ ಸಿಟ್ಟು ನಾಚಿಕೆಪಡುವಂಥದ್ದಲ್ಲ.

ಇನ್ನು ಅದು ದೊಡ್ಡದಾಗುವ ಬಗೆ. ಕೆಲಸ ಮುಗಿಸಿ ಬಂದಾಗ ಮೈಯಲ್ಲಿ ದಿನದ ಉದ್ವೇಗ ಉಳಿದಿರುತ್ತದೆ: ಎದೆಬಡಿತ ಚುರುಕು, ಹೆಗಲು ಬಿಗಿ. ಅದು ಎಲ್ಲಿಂದ ಬಂತು ಎಂದು ಮೈ ಲೆಕ್ಕ ಇಡುವುದಿಲ್ಲ. ಕಣ್ಣೆದುರು ಮೊದಲು ಸಿಕ್ಕಿದ್ದರ ತಲೆಗೆ ಎಲ್ಲವನ್ನೂ ಕಟ್ಟುತ್ತದೆ. ನಿದ್ದೆ ಕೆಟ್ಟಿದ್ದರಂತೂ ಇನ್ನೂ ಬೇಗ. ಎರಡನೆಯದು, ಬಾಗಿಲಿಗೆ ನೀವು ಕೊಡುತ್ತಿರುವ ಅರ್ಥ. ‘ಮುಚ್ಚಿಲ್ಲ’ ಎಂಬಲ್ಲಿಂದ ‘ನನ್ನ ಮಾತಿಗೆ ಬೆಲೆ ಇಲ್ಲ’ ಎಂಬಲ್ಲಿಗೆ ಮನಸ್ಸು ಕ್ಷಣದಲ್ಲಿ ಜಿಗಿಯುತ್ತದೆ. ನೀವು ಕಿರುಚಿದ್ದು ಎರಡನೆಯದಕ್ಕೆ, ಅವರಿಗೆ ಕೇಳಿಸಿದ್ದು ಮೊದಲನೆಯದು ಮಾತ್ರ. ಜಗಳ ಮುಗಿಯದೆ ಉಳಿಯುವುದು ಇದರಿಂದ. ಮೂರನೆಯದು ಕಾಯುವುದು. ಬಾಗಿಲು ತೆರೆದಿರುತ್ತದೆ ಎಂದು ಕಾದ ಕಣ್ಣಿಗೆ ಮುಚ್ಚಿದ ದಿನ ಕಾಣುವುದೇ ಇಲ್ಲ.

ವಿಡಿಯೊ ಸದ್ದಿನ ಸಂಗತಿ ಸ್ವಲ್ಪ ಬೇರೆ. ಡೇವಿಡ್ ಗ್ಲಾಸ್ ಮತ್ತು ಜೆರೋಮ್ ಸಿಂಗರ್ ಗದ್ದಲದ ಬಗ್ಗೆ ಪ್ರಯೋಗ ಮಾಡಿ 1972ರಲ್ಲಿ ಪುಸ್ತಕವಾಗಿ ಪ್ರಕಟಿಸಿದರು. ಒಂದೇ ಗದ್ದಲ, ಕೆಲವರಿಗೆ ಮಾತ್ರ ಅದನ್ನು ನಿಲ್ಲಿಸುವ ಗುಂಡಿ ಕೊಟ್ಟಿದ್ದರು. ಹೆಚ್ಚಿನವರು ಅದನ್ನು ಒತ್ತಲೇ ಇಲ್ಲ. ಆದರೂ ಗುಂಡಿ ಇದ್ದವರು ನಂತರ ಕೊಟ್ಟ ಒಗಟುಗಳ ಮುಂದೆ ಹೆಚ್ಚು ಹೊತ್ತು ಕೂತರು, ತಪ್ಪು ತಿದ್ದುವ ಕೆಲಸವನ್ನೂ ಚೆನ್ನಾಗಿ ಮಾಡಿದರು. ಬೇಕೆಂದಾಗ ನಿಲ್ಲಿಸಬಹುದು ಎಂಬ ಧೈರ್ಯವೇ ಅಷ್ಟು ಕೆಲಸ ಮಾಡಿತು. ನಿಮಗೂ ಅಂಥದ್ದೊಂದು ಬೇಕು. ಒಂದು ಸನ್ನೆ ಮೊದಲೇ ಮಾತಾಡಿಕೊಳ್ಳಿ: ನೀವು ಕಿವಿ ಮುಟ್ಟಿ ತೋರಿಸಿದರೆ ಅವರು ಇಯರ್‌ಫೋನ್ ಹಾಕಿಕೊಳ್ಳಬೇಕು. ಮಾತಿಲ್ಲ, ವಿವರಣೆಯೂ ಇಲ್ಲ.

ಈಗ ಮಾಡಬೇಕಾದ್ದು. ಮೊದಲ ಏಳು ದಿನ ಬರೆಯುವುದು ಮಾತ್ರ. ಸಿಟ್ಟು ಬಂದ ಪ್ರತಿ ಸಲ, ತಣ್ಣಗಾದ ಮೇಲೆ, ಒಂದು ಸಾಲು ಬರೆಯಿರಿ: ಸಮಯ, 0ಯಿಂದ 10ರಲ್ಲಿ ಸಿಟ್ಟು ಎಷ್ಟು, ಹಿಂದಿನ ರಾತ್ರಿ ಎಷ್ಟು ಗಂಟೆ ನಿದ್ದೆ, ಊಟವಾಗಿ ಎಷ್ಟು ಹೊತ್ತಾಗಿತ್ತು, ಅದಕ್ಕೆ ಮುಂಚಿನ ಒಂದು ಗಂಟೆಯಲ್ಲಿ ಏನಾಯಿತು. ಇಲ್ಲಿ ಹೆಚ್ಚಿನವರು ಎಡವುವುದು ಒಂದೇ ಕಡೆ: ಪಟ್ಟಿ ಮೆಲ್ಲಗೆ ಗಂಡನ ತಪ್ಪುಗಳ ದಾಖಲೆಯಾಗಿಬಿಡುತ್ತದೆ. ಅವರ ಹೆಸರು ಎತ್ತದೆ ನಿಮ್ಮ ಸ್ಥಿತಿಯನ್ನಷ್ಟೇ ಬರೆಯಿರಿ, ಅವರಿಗೆ ತೋರಿಸಲು ಇಟ್ಟುಕೊಳ್ಳಬೇಡಿ. ವಾರದ ಕೊನೆಗೆ 7ಕ್ಕಿಂತ ಮೇಲಿನವನ್ನು ಮಾತ್ರ ನೋಡಿ. ಅವೆಲ್ಲ ಕೆಲಸದಿಂದ ಬಂದ ಅರ್ಧ ಗಂಟೆಯೊಳಗೇ ಬಿದ್ದಿದ್ದರೆ, ಸರಿಮಾಡಬೇಕಾದ್ದು ಕಪಾಟನ್ನಲ್ಲ, ಆ ಅರ್ಧ ಗಂಟೆಯನ್ನು. ಮನೆಗೆ ಬಂದೊಡನೆ ಬಟ್ಟೆ ಬದಲಿಸಿ, ಬೇರೆ ಕೋಣೆಯಲ್ಲಿ 20 ನಿಮಿಷ ಒಬ್ಬರೇ ಇರಿ. ನಾಲ್ಕು ಎಣಿಸುತ್ತಾ ಉಸಿರು ಒಳಗೆ, ಆರು ಎಣಿಸುತ್ತಾ ಹೊರಗೆ, ಐದು ನಿಮಿಷ. ಆ ಹೊತ್ತಿನಲ್ಲಿ ಮನಸ್ಸಿನಲ್ಲೇ ವಾದ ಮಾಡುತ್ತಾ ಕೂತರೆ ಮೈಯ ಉದ್ವೇಗ ಇಳಿಯುವುದಿಲ್ಲ, ಏರುತ್ತದೆ. ಕೂಗಿ ಹೊರಹಾಕಿದರೆ ಹಗುರಾಗುತ್ತದೆ ಎಂಬ ಮಾತನ್ನೂ ನಂಬಬೇಡಿ. ಸಿಟ್ಟಿನ ಕಾರಣವನ್ನೇ ನೆನೆಯುತ್ತಾ ಗುದ್ದುವ ಚೀಲಕ್ಕೆ ಗುದ್ದಿದವರ ಸಿಟ್ಟು ಹೆಚ್ಚಾಯಿತೆಂದು ಮನೋವಿಜ್ಞಾನಿ ಬ್ರಾಡ್ ಬುಷ್‌ಮನ್ 2002ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಕಂಡುಬಂದಿದೆ.

ಎರಡನೇ ವಾರ, ವಸ್ತುವಿನಿಂದ ಪರಿಹಾರವಾಗುವುದನ್ನು ವಸ್ತುವಿನಿಂದಲೇ ಮಾಡಿ. ಕಪಾಟಿಗೆ ತಾನಾಗಿ ಮುಚ್ಚಿಕೊಳ್ಳುವ ಸ್ಪ್ರಿಂಗ್ ಕೀಲು ಹಾಕಿಸಿ. ಟವೆಲ್‌ಗೆ ಸ್ನಾನದ ಮನೆಯ ಬಾಗಿಲ ಹಿಂದೆಯೇ, ಅವರ ಕೈಗೆಟುಕುವಲ್ಲಿ, ಕೊಕ್ಕೆ ಹೊಡೆಸಿ. ‘ಅವರು ಬದಲಾಗಬೇಕು, ನಾನ್ಯಾಕೆ ಕೀಲು ಬದಲಿಸಲಿ’ ಎನಿಸಬಹುದು. ಆ ಹಟದಲ್ಲಿ ನ್ಯಾಯವಿದೆ, ಆದರೆ ದಿನಕ್ಕೆರಡು ಜಗಳ ತಪ್ಪುವುದು ಅದಕ್ಕಿಂತ ಮುಖ್ಯ ಎಂಬುದು ನಮ್ಮ ಸ್ಪಷ್ಟ ಅಭಿಪ್ರಾಯ.

ಉಳಿದದ್ದರಲ್ಲಿ ಒಂದನ್ನು ಮಾತ್ರ ಆರಿಸಿಕೊಂಡು ಮಾತಾಡಿ. ಅದು ನಡೆಯುತ್ತಿರುವಾಗ ಬೇಡ, ಇಬ್ಬರೂ ಬಿಡುವಾಗಿರುವಾಗ. ‘ನೀವು ಯಾವಾಗಲೂ’ ಎಂದು ಶುರುಮಾಡಿದರೆ ಅವರು ಮುಚ್ಚಿದ ನಾಲ್ಕು ದಿನಗಳನ್ನು ನೆನಪಿಸುತ್ತಾರೆ, ಮಾತು ಲೆಕ್ಕಾಚಾರಕ್ಕೆ ಹೋಗುತ್ತದೆ. ಬದಲಿಗೆ ಹೀಗೆ ಹೇಳಿ: ‘ಕೆಲಸದಿಂದ ಬಂದಾಗ ಸದ್ದು ಕೇಳಿದರೆ ತಲೆ ಸಿಡಿಯುತ್ತೆ, ನನ್ನನ್ನು ಲೆಕ್ಕಕ್ಕೇ ಇಟ್ಟಿಲ್ಲ ಅನ್ನಿಸುತ್ತೆ. ನಾನು ಬಂದ ಮೇಲೆ ಒಂದು ಗಂಟೆ ಇಯರ್‌ಫೋನ್ ಹಾಕ್ಕೊಳ್ತೀರಾ?’ ಆ ಮಧ್ಯದ ವಾಕ್ಯವನ್ನು ಬಿಡಬೇಡಿ, ಅವರಿಗೆ ಇಷ್ಟು ದಿನ ಕೇಳಿಸದೆ ಹೋದದ್ದು ಅದೇ. ಮೊನ್ನೆಯ ಕಿರುಚಾಟಕ್ಕೆ ಕ್ಷಮೆ ಕೇಳುವುದಿದ್ದರೆ ಬೇರೆಯಾಗಿ ಕೇಳಿ, ಬೇಡಿಕೆಯ ಜೊತೆ ಬೆರೆಸಬೇಡಿ.

ಒಂದು ಎಚ್ಚರಿಕೆ. ಸ್ಪಷ್ಟವಾಗಿ ಕೇಳಿಕೊಂಡ ಮೇಲೂ ಬೇಕೆಂದೇ ಮಾಡಿದರೆ, ನಿಮ್ಮ ಬೇಸರವನ್ನು ಬೇರೆಯವರೆದುರು ಅಣಕಿಸಿದರೆ, ಅಥವಾ ಹೇಳಲು ನಿಮಗೇ ಭಯವಾದರೆ ಅದು ಸಣ್ಣ ವಿಷಯವಲ್ಲ. ಆಗ ಈ ಸಲಹೆಗಳು ಸಾಲವು, ಆಪ್ತಸಮಾಲೋಚಕರನ್ನು ಕಾಣಿ. ಮನೆಯಲ್ಲಷ್ಟೇ ಅಲ್ಲದೆ ಎಲ್ಲರ ಮೇಲೂ ಹೀಗೇ ಸಿಟ್ಟು ಬರುತ್ತಾ ಎರಡು ವಾರ ದಾಟಿದರೆ, ಜೊತೆಗೆ ನಿದ್ದೆ ಕೆಟ್ಟು ಯಾವುದರಲ್ಲೂ ಆಸಕ್ತಿ ಇಲ್ಲವಾದರೆ ವೈದ್ಯರ ಬಳಿ ಹೋಗಿ. ಖಿನ್ನತೆ ಅಳುವಾಗಿಯಷ್ಟೇ ಅಲ್ಲ, ಸಿಡುಕಾಗಿಯೂ ಕಾಣಿಸಿಕೊಳ್ಳುತ್ತದೆ. ಥೈರಾಯ್ಡ್ ಹೆಚ್ಚಾದರೂ ಹೀಗಾಗಬಹುದು. ಅದು ರಕ್ತಪರೀಕ್ಷೆಯಲ್ಲಿ ತಿಳಿಯುತ್ತದೆ. ಸಿಟ್ಟು ಮುಟ್ಟಿನ ಹಿಂದಿನ ವಾರವೇ ಏರುತ್ತಿದೆಯೇ ಎಂದು ನೋಡಲು ಆ ಪಟ್ಟಿಯನ್ನು ಎರಡು ತಿಂಗಳು ಮುಂದುವರಿಸಿ, ಹೋಗುವಾಗ ಜೊತೆಗೆ ತೆಗೆದುಕೊಂಡು ಹೋಗಿ.