ಚರ್ಮ ಹದ ಮಾಡಿದವರು ಯಾರು?

ಪ್ರಿಯರೇ,

ಇಂದಿನ ಕೆನಡಾದ ಕಾಡುಮೇಡುಗಳಲ್ಲಿ ಸರ್ವೇ ಮಾಡುತ್ತ ತಿರುಗಿದ ತುಪ್ಪಳದ ವ್ಯಾಪಾರಿ ಡೇವಿಡ್ ಥಾಂಪ್ಸನ್ ಕುರಿತ ನಿಮ್ಮ ಲೇಖನ ಓದಿದೆ. ಭಾಷೆ ಸಲೀಸಾಗಿದೆ. 1784ರಲ್ಲಿ ಹದಿನಾಲ್ಕರ ಹುಡುಗ ತುಪ್ಪಳ ವ್ಯಾಪಾರದ ಹಡ್ಸನ್ಸ್ ಬೇ ಕಂಪನಿಯ ಅಪ್ರೆಂಟಿಸ್ ಆಗಿ ಲಂಡನ್ನಿನಿಂದ ಹಡಗು ಹತ್ತುವ ಭಾಗ ಚೆನ್ನಾಗಿದೆ. ಆದರೆ ಎರಡು ವಾಕ್ಯಗಳು ನನಗೆ ಸಿಟ್ಟು ತರಿಸಿದವು. ಅವುಗಳ ಬಗ್ಗೆಯೇ ಬರೆಯುತ್ತೇನೆ.

"1807ರಲ್ಲಿ ಥಾಂಪ್ಸನ್ ಏಕಾಂಗಿಯಾಗಿ, ಮನುಷ್ಯರ ಸುಳಿವಿಲ್ಲದ ರಾಕಿ ಪರ್ವತಗಳನ್ನು ದಾಟಿದ."

ಏಕಾಂಗಿಯಾಗಿ ಹೇಗೆ? ಬೆಟ್ಟ ದಾಟಿದ ಹೌಸ್ ಕಣಿವೆಯಲ್ಲಿ ಅವನ ಜೊತೆ ಹೆಂಡತಿ ಶಾರ್ಲಟ್ ಇದ್ದಳು, ಮೂವರು ಮಕ್ಕಳಿದ್ದರು, ಕಿರಿಯದಕ್ಕೆ ಒಂದೂವರೆ ವರ್ಷವೂ ತುಂಬಿರಲಿಲ್ಲ. ಹೊರೆಯಾಳುಗಳೂ ಇದ್ದರು. ಹಿಂದಿನ ವರ್ಷವೇ ಜಾಕೋ ಫಿನ್ಲೆ ಎಂಬ ಮೆಟಿ (ಮೂಲನಿವಾಸಿ-ಯುರೋಪಿಯನ್ ಮಿಶ್ರ) ಜನಾಂಗದವನು ಅಲ್ಲಿ ದಾರಿ ಕಡಿದಿದ್ದ. ಇನ್ನು ಮನುಷ್ಯರ ಸುಳಿವು: ಬೆಟ್ಟದ ಆಚೆ ಕೂಟನೇ ಜನ, ಈಚೆ ಪಿಗನ್ ಜನ, ಇಬ್ಬರೂ ಅಲ್ಲಿನ ಮೂಲನಿವಾಸಿಗಳು. ತಮ್ಮ ವೈರಿಗಳಾದ ಕೂಟನೇಯವರ ಕೈಗೆ ಬಂದೂಕು ಸೇರಬಾರದೆಂದು ಪಿಗನ್ನರು 1810ರಲ್ಲಿ ಥಾಂಪ್ಸನ್‌ನ ದಾರಿಗೆ ಅಡ್ಡ ನಿಂತರು. ಅದಕ್ಕೇ ಅವನು ಉತ್ತರಕ್ಕೆ ಸುತ್ತಿ, 1811ರ ಜನವರಿಯ ಹಿಮದಲ್ಲಿ, ಇರೊಕ್ವಾ ಎಂಬ ಮೂಲನಿವಾಸಿ ಜನಾಂಗದ ಥಾಮಸ್ ತೋರಿಸಿದ ದಾರಿಯಲ್ಲಿ ಅಥಬಾಸ್ಕಾ ಕಣಿವೆ ದಾಟಬೇಕಾಯಿತು. ನೀವು ಅದನ್ನು ಬರೀ ಸಾಹಸವೆಂದು ಬರೆದಿದ್ದೀರಿ. ಆ ಜನರನ್ನು ಅಳಿಸಿದ ಮೇಲೆ, ನಡುಚಳಿಗಾಲದಲ್ಲಿ ಅವನು ಅಲ್ಲಿಗೇಕೆ ಹೋದ ಎಂಬುದಕ್ಕೆ ನಿಮ್ಮ ಬಳಿ ಕಾರಣವೇ ಉಳಿದಿಲ್ಲ.

ಎರಡನೆಯದು: "ಅಲ್ಲಿನ ಒಬ್ಬ ಹುಡುಗಿಯನ್ನು ಮದುವೆಯಾದ."

ಇಷ್ಟೇ? ಅವಳಿಗೆ ಹೆಸರಿಲ್ಲವೇ? ಶಾರ್ಲಟ್ ಸ್ಮಾಲ್, ತಾಯಿ ಕ್ರೀ ಎಂಬ ಮೂಲನಿವಾಸಿ ಜನಾಂಗದವಳು, ತಂದೆ ಹಡ್ಸನ್ಸ್ ಬೇಯ ಎದುರಾಳಿಯಾದ ನಾರ್ತ್ ವೆಸ್ಟ್ ಕಂಪನಿಯ ವ್ಯಾಪಾರಿ. 1799ರಲ್ಲಿ ಮದುವೆಯಾದಾಗ ಅವಳಿಗೆ ಹದಿಮೂರು, ಅವನಿಗೆ ಇಪ್ಪತ್ತೊಂಬತ್ತು. ಈ ಲೆಕ್ಕ ಓದುಗರಿಗೆ ಗೊತ್ತಾಗಲೇಬೇಕು, ಮುಚ್ಚಿಡಬೇಡಿ. ಅವಳು ಕ್ರೀ ಭಾಷೆ ಬಲ್ಲವಳಾದದ್ದು ತನಗೆ ದೊಡ್ಡ ಅನುಕೂಲವಾಯಿತೆಂದು ಥಾಂಪ್ಸನ್ನನೇ ಬರೆದಿದ್ದಾನೆ. ಹದಿಮೂರು ಮಕ್ಕಳು. 1857ರಲ್ಲಿ ಬಡತನದಲ್ಲಿ ಅವನು ಸತ್ತ. ಮೂರು ತಿಂಗಳಿಗೆ ಅವಳೂ ಹೋದಳು.

ನಾನು ಶಿರಸಿಯ ಕಡೆ ಒಂದು ವಾರಪತ್ರಿಕೆಯಲ್ಲಿ ಕೆಲಸ ಕಲಿಯುತ್ತಿದ್ದಾಗ, ಅಡಿಕೆ ಮಂಡಿ ಸಾಹುಕಾರರ ಮೇಲೆ ಲೇಖನ ಬಂದರೆ ನಮ್ಮ ಹಿರಿಯ ಉಪಸಂಪಾದಕರು ಅಂಚಿನಲ್ಲಿ "ಸುಲಿದವರು ಯಾರು?" ಎಂದು ಬರೆಯುತ್ತಿದ್ದರು. ಉತ್ತರ ತರುವ ಕೆಲಸ ನನ್ನದು. ರಾತ್ರಿ ಅಂಗಳದಲ್ಲಿ ಮೆಟ್ಟುಗತ್ತಿಯ ಮುಂದೆ ಕೂತ ಹೆಂಗಸರನ್ನು ಮಾತಾಡಿಸಿ, ಡಬ್ಬಕ್ಕೆ ಎಷ್ಟು ಕೂಲಿ ಎಂದು ಬರೆದುಕೊಂಡು ಬರುತ್ತಿದ್ದೆ. ಅದನ್ನು ಸೇರಿಸಿದ ಮೇಲೆಯೇ ಲೇಖನ ಅಚ್ಚಿಗೆ ಹೋಗುತ್ತಿತ್ತು.

ನಿಮ್ಮ ಲೇಖನಕ್ಕೂ ಅದೇ ಪ್ರಶ್ನೆ. ಬೀವರ್ ಪ್ರಾಣಿಯ ಒಳತುಪ್ಪಳದಿಂದ ಯುರೋಪಿನ ಗಂಡಸರ ಟೋಪಿ ಆಗುತ್ತಿತ್ತು. ಕಂಪನಿಯ ಕೋಠಿಗಳಲ್ಲಿ ಕಂಬಳಿ, ಬಂದೂಕುಗಳ ಬೆಲೆಯನ್ನು ಬೀವರ್ ಚರ್ಮದ ಲೆಕ್ಕದಲ್ಲೇ ಹೇಳುತ್ತಿದ್ದರು. ಆ ಚರ್ಮವನ್ನು ಹೆರೆದು ಒಣಗಿಸಿದವರು, ಹಿಮದ ಪಾದರಕ್ಷೆಗೆ ಬಲೆ ಹೆಣೆದವರು, ಬೈಸನ್ ಎಂಬ ಕಾಡೆಮ್ಮೆಯ ಒಣಮಾಂಸ ಕುಟ್ಟಿ ಕೊಬ್ಬು ಬೆರೆಸಿ ದಾರಿಬುತ್ತಿ ಮಾಡಿದವರು ಬಹುಪಾಲು ಹೆಂಗಸರು. ನಿಮ್ಮ ಹನ್ನೊಂದು ಪುಟಗಳಲ್ಲಿ ಅವರು ಒಬ್ಬರೂ ಇಲ್ಲ.

ಸರ್ವೇ ಉಪಕರಣಗಳ ವರ್ಣನೆಯನ್ನು ಅರ್ಧಕ್ಕೆ ಇಳಿಸಿ, ಜಾಗ ಸಿಗುತ್ತದೆ. ತಿದ್ದಿ ಕಳುಹಿಸಿ, ನಾನೇ ಓದುತ್ತೇನೆ.

ಸಂಪಾದಕ