ಕೊಳೆ ಕಾಣುವ ಬಣ್ಣ

ನಾನು ಆಪ್ತಸಲಹೆಗಾರ್ತಿ. ಇದು ನನ್ನ ಹತ್ತಿರ ಸಲಹೆಗೆ ಬಂದ ಒಬ್ಬ ಶಿಕ್ಷಕಿಯ ಪ್ರಕರಣ. ಬರೆಯಲು ಅವರ ಒಪ್ಪಿಗೆ ಪಡೆದಿದ್ದೇನೆ. ಗುರುತು ಸಿಗುವಂಥ ವಿವರಗಳನ್ನು ಬದಲಿಸಿದ್ದೇನೆ. ಹೆಸರು ಹಾಕೋದು ಬೇಡ ಅಂದರು. ಹಾಗಾಗಿ ಇಲ್ಲಿ ಅವರನ್ನು ಟೀಚರ್ ಅಂತಲೇ ಕರೆಯುತ್ತೇನೆ.

ಟೀಚರ್‌ಗೆ 36 ವರ್ಷ. ಮನೆ ತುಮಕೂರಿನಲ್ಲಿ. ಕೆಲಸ ಗುಬ್ಬಿ ತಾಲ್ಲೂಕಿನ ಒಂದು ಹಳ್ಳಿಯ ಸರ್ಕಾರಿ ಶಾಲೆಯಲ್ಲಿ. ದಿನಾ ಹೋಗಿ ಬರಲು 50 ಕಿಲೋಮೀಟರ್ ಆಗುತ್ತದೆ. ಇಷ್ಟು ವರ್ಷ ಸ್ಕೂಟರಿನಲ್ಲಿ ಓಡಾಡಿದ್ದಾರೆ. ಹೋದ ಮಳೆಗಾಲದಲ್ಲಿ ಜಾರಿ ಬಿದ್ದು ಮುಂಗೈ ಮೂಳೆ ಮುರಿಯಿತು. ಕಟ್ಟು ಬಿಚ್ಚಿದ ಮೇಲೆ ಕಾರು ಕಲಿತರು. ಲೈಸೆನ್ಸ್ ಬಂತು. ಕಾರು ಬೇಕು ಅನ್ನುವುದರಲ್ಲಿ ಮನೆಯಲ್ಲಿ ಯಾರಿಗೂ ತಕರಾರಿರಲಿಲ್ಲ. ಯಾವ ಕಾರು ಅನ್ನುವಲ್ಲಿ ಜಗಳ ಶುರುವಾಯಿತು. ಮೂರು ವಾರ ಗಂಡ ಹೆಂಡತಿ ಸರಿಯಾಗಿ ಮಾತಾಡಿರಲಿಲ್ಲ.

ಮೊದಲ ದಿನ ಬಂದವರು ಕೂತು, ಮೊಬೈಲನ್ನು ನನ್ನ ಮುಂದೆ ಇಟ್ಟರು. ಪರದೆಯ ಮೇಲೆ ಒಂದು ಕಪ್ಪು ಕಾರು, ಧೂಳು ಕೂತರೆ ಎದ್ದು ಕಾಣುವಷ್ಟು ಹೊಳಪಿನದ್ದು. ಜರ್ಮನಿ ಮೂಲದ ಕಂಪನಿಯ ಸಣ್ಣ ಕಾರು. 2015ರ ಮಾಡೆಲ್, ಆಟೊಮ್ಯಾಟಿಕ್. ನಮ್ಮ ಕಣ್ಣಿಗೂ ಚೆನ್ನಾಗಿಯೇ ಕಂಡಿತು.

"ಮೇಡಂ, ಇದನ್ನ ತಗೋಬೇಕು ಅಂತ ಆಸೆ. ನಮ್ಮನೆಯವರು ಷೋಕಿ ಅಂತಾರೆ. ನನಗೆ ತಲೆ ಕೆಟ್ಟಿದೆಯಾ, ನೀವೇ ಹೇಳಿ."

ಬೆಲೆ 5 ಲಕ್ಷದ 40 ಸಾವಿರ. ಕೈಯಲ್ಲಿದ್ದ ಉಳಿತಾಯ 3 ಲಕ್ಷ. ಉಳಿದದ್ದಕ್ಕೆ ಸಾಲ. ಗಂಡನಿಗೆ ಹೇಳದೆ 10 ಸಾವಿರ ಟೋಕನ್ ಅಡ್ವಾನ್ಸ್ ಕೂಡ ಕೊಟ್ಟಾಗಿತ್ತು. ಮಾರುವವರು ದಿನಕ್ಕೆರಡು ಸಲ ಫೋನ್ ಮಾಡಿ, "ನಾಳೆ ಇನ್ನೊಂದು ಪಾರ್ಟಿ ಬರ್ತಿದೆ" ಅನ್ನುತ್ತಿದ್ದರು. ಇತ್ತ ಪರಿಚಯದ ಇಬ್ಬರು ಆ ಕಾರಿನ ಗೇರ್‌ಬಾಕ್ಸ್ ಬಗ್ಗೆ ಹೆದರಿಸಿದ್ದರು. ಟೀಚರ್‌ಗೆ ರಾತ್ರಿ ನಿದ್ದೆ ಇಲ್ಲ.

ನಾನು ಕಾರಿನ ಬಗ್ಗೆ ಏನೂ ಹೇಳಲಿಲ್ಲ. "ಇದರಲ್ಲಿ ನಿಮಗೆ ಇಷ್ಟ ಆಗಿದ್ದು ಏನು?" ಅಂತ ಕೇಳಿದೆ. ಮೈಲೇಜ್, ಸೇಫ್ಟಿ ಅಂತ ಏನೇನೋ ಹೇಳಿದರು. ಅದೆಲ್ಲ ಗಂಡನ ಜೊತೆ ವಾದ ಮಾಡಲು ಸಿದ್ಧ ಮಾಡಿಕೊಂಡ ಉತ್ತರ ಅಂತ ಗೊತ್ತಾಗುತ್ತಿತ್ತು. ಮತ್ತೆ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಅವರ ಅಪ್ಪನ ವಿಷಯ ಬಂತು.

ಅಪ್ಪ ದರ್ಜಿ. ಮೂರು ಹೆಣ್ಣುಮಕ್ಕಳು. ಹಬ್ಬಕ್ಕೆ ಬಟ್ಟೆ ತರುವಾಗ ಮೂವರಿಗೂ ಕಾಫಿಪುಡಿ ಬಣ್ಣದ ಒಂದೇ ಥಾನು. "ಕೊಳೆ ಕಾಣಲ್ಲ, ಬಾಳಿಕೆ ಬರುತ್ತೆ" ಅನ್ನುತ್ತಿದ್ದರಂತೆ. ಚಪ್ಪಲಿ, ಶಾಲೆಚೀಲ, ಸ್ವೆಟರ್ ಎಲ್ಲಕ್ಕೂ ಅದೇ ಮಾತು. ಬಡವರ ಮನೆಯಲ್ಲಿ ಅದು ತಪ್ಪಲ್ಲ. ಅಪ್ಪನ ಮೇಲೆ ಅವರಿಗೆ ಸಿಟ್ಟೂ ಇಲ್ಲ. ಮದುವೆಯಾದ ಮೇಲೂ ಹಾಗೇ ನಡೆಯಿತು. ಸೋಫಾ ಬಟ್ಟೆ, ಗೋಡೆಯ ಬಣ್ಣ, ಸ್ಕೂಟರಿನ ಬಣ್ಣ ಎಲ್ಲ ಕೊಳೆ ಕಾಣದಂಥದ್ದು.

"ಮೇಡಂ, ನನ್ನ ಸಂಬಳದಲ್ಲಿ ನಾನು ತಗೊಳ್ಳೋ ಒಂದು ವಸ್ತುನಾದ್ರೂ ಕೊಳೆ ಕಾಣೋ ಬಣ್ಣದ್ದು ಇರಬಾರದಾ?"

ಹೀಗಂದು ಕಣ್ಣು ಒರೆಸಿಕೊಂಡರು. ಇಷ್ಟು ಹೊತ್ತು ನಾವು ಕಾರಿನ ಮಾತಾಡುತ್ತಿದ್ದೆವು ಅಂದುಕೊಂಡಿದ್ದೆ. ನಿಜವಾದ ಮಾತು ಈಗ ಬಂದಿತ್ತು. ಇಂಥ ಆಸೆಯನ್ನು ಷೋಕಿ ಅಂತ ಕರೆದು ಬಾಯಿ ಮುಚ್ಚಿಸುವುದು ಅನ್ಯಾಯ. ಅದನ್ನು ಅವರಿಗೆ ನೇರವಾಗಿ ಹೇಳಿದೆ. ಆಸೆ ಪಟ್ಟದ್ದಕ್ಕೆ ನೀವು ಯಾರಿಗೂ ಕಾರಣ ಕೊಡಬೇಕಾಗಿಲ್ಲ ಅಂದೆ.

ಆದರೆ ಇಷ್ಟಕ್ಕೇ ನಿಲ್ಲಿಸಿದ್ದರೆ ನಾನು ಅವರಿಗೆ ಮೋಸ ಮಾಡಿದಂತೆ ಆಗುತ್ತಿತ್ತು. ಆಸೆ ಸರಿಯಾಗಿದ್ದ ಮಾತ್ರಕ್ಕೆ ಆ ಗಾಡಿ ಸರಿಯಾಗಿರಬೇಕು ಅಂತೇನಿಲ್ಲ. ಇವೆರಡನ್ನೂ ಬೇರೆ ಮಾಡಿ ನೋಡುವುದು ನಮ್ಮ ಕೆಲಸ ಅಂತ ಹೇಳಿದೆ. ಆಸೆಯ ಪ್ರಶ್ನೆಗೆ ನೀವು ಉತ್ತರ ಹೇಳಿದ್ದೀರಿ. ಗಾಡಿಯ ಪ್ರಶ್ನೆಗೆ ಮೆಕ್ಯಾನಿಕ್ ಉತ್ತರ ಹೇಳಲಿ. ಅಲ್ಲೀತನಕ ಮಾರುವವರ ಫೋನ್ ಎತ್ತಬೇಡಿ, ಹತ್ತು ದಿನ ಟೈಮ್ ಬೇಕು ಅಂತ ಒಂದು ಮೆಸೇಜ್ ಹಾಕಿ ಅಂದೆ. ಅಡ್ವಾನ್ಸ್ ಕೊಟ್ಟ 10 ಸಾವಿರ ಉಳಿಸಿಕೊಳ್ಳಲು ಹೋಗಿ 5 ಲಕ್ಷ ಹಾಕುವುದು ಬೇಡ. ಟೋಕನ್ ತಗೊಳ್ಳುವುದೇ ಕೊಳ್ಳುವವರ ಮನಸ್ಸು ಕಟ್ಟಿಹಾಕಲು. ಕೊಟ್ಟ ಕ್ಷಣದಿಂದ ಆ ಕಾರು ನಮ್ಮದೇ ಅನ್ನಿಸಲು ಶುರುವಾಗುತ್ತದೆ. ಆಮೇಲೆ ಅದರ ದೋಷ ಕಣ್ಣಿಗೆ ಬೀಳುವುದಿಲ್ಲ.

ಮನೆಗೆ ಹೋಗಿ ಮಾಡಲು ಒಂದು ಕೆಲಸ ಕೊಟ್ಟೆ. ಸೋಮವಾರದಿಂದ ಭಾನುವಾರದವರೆಗೆ ಕಾರು ಏನೇನು ಮಾಡಬೇಕು, ಬರೆದು ತನ್ನಿ.

ಎರಡನೇ ಭೇಟಿಗೆ ಒಂದು ಹಾಳೆ ತಂದರು. ಅದನ್ನು ಓದುತ್ತಾ ನನಗೇ ಒಂದು ವಿಷಯ ಹೊಳೆಯಿತು. ಅವರದ್ದು ಇಬ್ಬರೇ ಟೀಚರ್ ಇರುವ ಶಾಲೆ. ಬೆಳಿಗ್ಗೆ ಮಕ್ಕಳಿಗೆ ಹಾಲು ಕೊಡುವುದರಿಂದ ಕೆಲಸ ಶುರು. ಇವರು ದಾರಿಯಲ್ಲಿ ಸಿಕ್ಕಿಹಾಕಿಕೊಂಡರೆ ಐದು ತರಗತಿಗೂ ಒಬ್ಬರೇ. ಇದರ ಜೊತೆಗೆ ತಿಂಗಳಿಗೊಮ್ಮೆ ಅತ್ತೆಯನ್ನು ಬೆಂಗಳೂರಿನ ಜಯದೇವ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು. ಮನೆಯಲ್ಲಿ ಬೇರೆ ಕಾರಿಲ್ಲ. ಗಂಡನಿಗೆ ಡ್ರೈವಿಂಗ್ ಬರುವುದಿಲ್ಲ.

"ಈಗ ಒಂದು ವರ್ಷ ಕಳೆದಿದೆ ಅಂದುಕೊಳ್ಳಿ. ಈ ಕಾರು ತಗೊಂಡು ತಪ್ಪು ಮಾಡಿದೆ ಅಂತ ಕೊರಗುತ್ತಾ ಇಲ್ಲಿ ಕೂತಿದ್ದೀರಿ. ಏನಾಗಿತ್ತು, ಹೇಳಿ" ಅಂದೆ. ಇದು ನಾನು ಎಷ್ಟೋ ಜನರ ಜೊತೆ ಮಾಡುವ ಅಭ್ಯಾಸ. "ಏನಾದ್ರೂ ಆಗಬಹುದಾ?" ಅಂತ ಕೇಳಿದರೆ ಯಾರೂ ಬಾಯಿ ಬಿಡುವುದಿಲ್ಲ. ಆಗಿಹೋಗಿದೆ ಅಂತ ಹೇಳಿ ಕೇಳಿದರೆ ಒಳಗಿನ ಅಂಜಿಕೆ ಹೊರಗೆ ಬರುತ್ತದೆ. ಟೀಚರ್ ತಡಮಾಡಲಿಲ್ಲ. "ನಿಟ್ಟೂರು ಕಡೆ ಕೆಟ್ಟು ನಿಂತಿದೆ. ಟೋ ಮಾಡಿಸಿ ಬೆಂಗಳೂರಿಗೆ ಕಳಿಸಿದ್ದೀನಿ. ಲಕ್ಷದ ಮೇಲೆ ಬಿಲ್ ಹೇಳ್ತಿದ್ದಾರೆ. ನನ್ನತ್ರ ದುಡ್ಡಿಲ್ಲ. ಇವರು ಮಾತಾಡ್ತಿಲ್ಲ." ಎಲ್ಲ ಅವರಿಗೇ ಗೊತ್ತಿತ್ತು.

ಅಂದೇ ನಾನು ಹೇಳಿದೆ: 1 ಲಕ್ಷದ 50 ಸಾವಿರವನ್ನು ರಿಪೇರಿಗೆ ಅಂತಲೇ ಬೇರೆ ಇಟ್ಟು, ಅದನ್ನು ಮುಟ್ಟದೆ ಈ ಕಾರು ಕೊಳ್ಳಲು ಆಗುತ್ತಾ, ಲೆಕ್ಕ ಹಾಕಿ. ಆಗಲ್ಲ ಅಂದರೆ ಅದನ್ನೂ ಬೆಲೆಯಲ್ಲಿ ಸೇರಿಸಿ ನೋಡಬೇಕು. ಹಳೇ ವಿದೇಶಿ ಕಾರು ಅಗ್ಗಕ್ಕೆ ಸಿಗುವುದೇ ಮುಂದಿನ ಖರ್ಚು ಕೊಳ್ಳುವವರ ತಲೆ ಮೇಲೆ ಬರುತ್ತೆ ಅನ್ನೋ ಕಾರಣಕ್ಕೆ.

ಗೇರ್‌ಬಾಕ್ಸ್ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಇದರಲ್ಲಿ ಒಂದಲ್ಲ, ಎರಡು ಕ್ಲಚ್ ಇರುತ್ತವೆ. ಒಂದು, ಮೂರು, ಐದು ಹೀಗೆ ಬೆಸ ಸಂಖ್ಯೆಯ ಗೇರ್ ಒಂದರ ಮೇಲೆ. ಎರಡು, ನಾಲ್ಕು, ಆರು ಹೀಗೆ ಸಮ ಸಂಖ್ಯೆಯವು ಇನ್ನೊಂದರ ಮೇಲೆ. ಹಾಗಾಗಿ ಗೇರ್ ಬದಲಾಗುವುದು ತಿಳಿಯುವುದೇ ಇಲ್ಲ, ಬೆಣ್ಣೆಯಂತೆ ಓಡುತ್ತದೆ. ಓಡಿಸಿದವರು ಮರುಳಾಗುವುದು ಅದಕ್ಕೇ. ಆದರೆ ಇವುಗಳಲ್ಲಿ ಡ್ರೈ ಅನ್ನುವ ಬಗೆಯಲ್ಲಿ ಕ್ಲಚ್ ತಣ್ಣಗಿಡಲು ಎಣ್ಣೆ ಇರುವುದಿಲ್ಲ. ಟ್ರಾಫಿಕ್‌ನಲ್ಲಿ ಇಂಚಿಂಚೇ ಉರುಳಿದರೆ, ದಿಣ್ಣೆ ಮೇಲೆ ಬ್ರೇಕ್ ಒತ್ತದೆ ನಿಲ್ಲಿಸಿಕೊಂಡರೆ ಕಾದು ಸವೆಯುತ್ತದೆ. ಗೇರ್ ಹಾಕುವ ಕೆಲಸ ಮಾಡುವ ಮೆಕಾಟ್ರಾನಿಕ್ ಅನ್ನುವ ಭಾಗ ಕೆಟ್ಟರಂತೂ ಬಿಲ್ ಲಕ್ಷ ದಾಟುತ್ತದೆ. ಹಿಂದಿನವರು ಹೇಗೆ ಓಡಿಸಿದ್ದರು ಅನ್ನುವುದು ಕಾರಿನ ಹೊಳಪಿನಲ್ಲಿ ಕಾಣುವುದಿಲ್ಲ.

ಮೂರನೇ ಭೇಟಿಗೆ ಗಂಡನನ್ನೂ ಕರೆದುಕೊಂಡು ಬರಲು ಹೇಳಿದ್ದೆ. ಸಹಕಾರ ಸಂಘದಲ್ಲಿ ಕೆಲಸ ಮಾಡುವವರು. ಬಂದ ಕೂಡಲೇ, "ಮೇಡಂ, ಬೀದಿ ಬೀದಿಲಿ ಪಾರ್ಟ್ಸ್ ಸಿಗೋ ಗಾಡಿ ತಗೋ ಅಂದ್ರೆ ಇವಳಿಗೆ ಷೋಕಿ" ಅಂದರು. ಟೋಕನ್ ವಿಷಯ ಟೀಚರ್ ಆ ದಿನವೇ, ನನ್ನ ಮುಂದೆಯೇ ಹೇಳಿದರು. ಗಂಡನ ಮುಖ ಕೆಂಪಾಯಿತು. ಬಿಸಿ ಇಳಿಯುವವರೆಗೆ ಕಾದೆ. "ನಿಮಗೆ ಯಾವುದು ಹೆದರಿಕೆ?" ಅಂತ ಕೇಳಿದೆ. ದುಡ್ಡು ಅಂದರು. ಮತ್ತೆ ಕೇಳಿದೆ. ನೆಲ ನೋಡುತ್ತಾ ಹೇಳಿದರು:

"ಅದು ಕೆಟ್ಟು ನಿಂತರೆ ಫೋನ್ ನನಗೆ ಬರುತ್ತೆ. ನನಗೆ ಬಾನೆಟ್ ತೆಗೆಯೋಕೂ ಬರಲ್ಲ. ಅಮ್ಮ ಗಾಡೀಲಿ ಇರೋವಾಗ ಹಂಗಾದ್ರೆ ನಾನೇನು ಮಾಡ್ಲಿ?"

ಟೀಚರ್ ಗಂಡನನ್ನೇ ನೋಡಿದರು. ಹನ್ನೊಂದು ವರ್ಷದ ಸಂಸಾರದಲ್ಲಿ ಆ ಮಾತು ಅವರು ಕೇಳಿರಲಿಲ್ಲ. ಷೋಕಿ ಅನ್ನುವ ಪದ ಆ ಅಂಜಿಕೆಯನ್ನು ಮುಚ್ಚಿಟ್ಟಿತ್ತು. ಆಮೇಲೆ ನಾನು ಗಂಡನಿಗೆ ಕಾಫಿಪುಡಿ ಬಣ್ಣದ ಥಾನಿನ ಕಥೆ ಕೇಳಿಸಿಕೊಳ್ಳಿ ಅಂದೆ. ಟೀಚರ್ ಹೇಳಿದರು. ಅವರಿಗೂ ಅದು ಹೊಸದು. ಆ ದಿನ ನಾನು ಮಾತಾಡಿದ್ದು ಕಮ್ಮಿ.

ಹೋಗುವ ಮುಂಚೆ ಟೀಚರ್ ನನ್ನನ್ನು ಕೇಳಿದರು. "ಮೇಡಂ, ನೀವಾಗಿದ್ರೆ ತಗೋತಿದ್ರಾ?" ಇದು ಮೂರನೇ ಸಲ ಕೇಳುತ್ತಿದ್ದುದು. ಆಪ್ತಸಲಹೆಗಾರರು ಅಭಿಪ್ರಾಯ ಹೇಳಬಾರದು, ಅವರೇ ಕಂಡುಕೊಳ್ಳಲಿ ಅಂತ ನಮಗೆ ಕಲಿಸುತ್ತಾರೆ. ಬಹಳಷ್ಟು ಸಲ ಅದು ಸರಿ. ಆದರೆ ಎಲ್ಲ ವಿಷಯ ಕಣ್ಮುಂದೆ ಇರುವಾಗ, ಮೂರು ಸಲ ಕೇಳಿದ ಮೇಲೂ ಬಾಯಿ ಬಿಡದಿದ್ದರೆ ಅದು ನನ್ನನ್ನು ನಾನು ಕಾಪಾಡಿಕೊಂಡಂತೆ ಅಂತ ನನಗನ್ನಿಸುತ್ತದೆ. ಹೇಳಿಬಿಟ್ಟೆ. ಮನೆಯಲ್ಲಿ ಇನ್ನೊಂದು ಗಾಡಿ ಇದ್ದು, ರಿಪೇರಿಗೆ ಕೈಯಲ್ಲಿ ದುಡ್ಡಿದ್ದು, ಎರಡು ವಾರ ಕಾರು ಗ್ಯಾರೇಜಿನಲ್ಲಿ ನಿಂತರೂ ಯಾರ ಕೆಲಸವೂ ಕೆಡದಿದ್ದರೆ, ಖುಷಿಯಾಗಿ ತಗೊಳ್ಳಿ ಅನ್ನುತ್ತಿದ್ದೆ. ನಿಮಗೆ ಇರುವುದು ಇದೊಂದೇ ಗಾಡಿ. ಈಗ ಬೇಡ. ಆದರೂ ಮೆಕ್ಯಾನಿಕ್‌ಗೆ ತೋರಿಸದೆ ನನ್ನ ಮಾತಿಗೆ ಬಿಡಬೇಡಿ. ಬಿಟ್ಟರೆ ಅದು ಮನಸ್ಸಿನಲ್ಲಿ ಮುಳ್ಳಾಗಿ ಉಳಿಯುತ್ತದೆ.

ಶನಿವಾರ ಬೆಳಗಿನ ತರಗತಿ ಮುಗಿಸಿ ಇಬ್ಬರೂ ಹೋದರು. ಮಾರುವವರ ಪರಿಚಯ ಇಲ್ಲದ ಒಬ್ಬ ಮೆಕ್ಯಾನಿಕ್‌ನ ಕರೆದುಕೊಂಡು ಹೋಗಿ ಅಂದಿದ್ದೆ. ಅವರು ನೋಡಿದ ರೀತಿ ಟೀಚರ್ ನನಗೆ ಬಂದು ವಿವರಿಸಿದರು. ಬೇರೆಯವರಿಗೂ ಉಪಯೋಗಕ್ಕೆ ಬರಬಹುದು.

ಮೊದಲು ಬಾನೆಟ್ ಮುಟ್ಟಿ, ಎಂಜಿನ್ ತಣ್ಣಗಿದೆಯಾ ಅಂತ ನೋಡಿದರಂತೆ. ಮುಂಚೆಯೇ ಬಿಸಿ ಮಾಡಿಟ್ಟಿದ್ದರೆ ಬೆಳಗಿನ ಸ್ಟಾರ್ಟಿಂಗ್ ತೊಂದರೆ ಮುಚ್ಚಿಹೋಗುತ್ತದೆ. ಆಮೇಲೆ ಸೀಟ್ ಬೆಲ್ಟನ್ನು ಕೊನೆವರೆಗೂ ಎಳೆದರು. ಕಾರು ಬೆಂಗಳೂರಿನದ್ದು. 2022ರ ಸೆಪ್ಟೆಂಬರ್ ಮಳೆಯಲ್ಲಿ ಅಲ್ಲಿನ ಹೊರವರ್ತುಲ ರಸ್ತೆ ಕಡೆ ಎಷ್ಟೋ ಕಾರು ನೀರಲ್ಲಿ ಮುಳುಗಿದ್ದವು. ಮ್ಯಾಟ್ ತೊಳೆದಿರಬಹುದು, ಬೆಲ್ಟಿನ ಬುಡದ ಕೆಸರು ಗೆರೆ ಯಾರೂ ತೊಳೆಯಲ್ಲ. ಇದರಲ್ಲಿ ಗೆರೆ ಇರಲಿಲ್ಲ. ಹಳೇ ಪಾಲಿಸಿಯಲ್ಲಿ ನೋ ಕ್ಲೈಮ್ ಬೋನಸ್, ಅಂದರೆ ಕ್ಲೈಮ್ ಮಾಡದ ವರ್ಷಕ್ಕೆ ಸಿಗುವ ರಿಯಾಯಿತಿ, ಸೊನ್ನೆ ಇತ್ತು. ಅಂದರೆ ಹಿಂದಿನ ವರ್ಷ ಕ್ಲೈಮ್ ಆಗಿರಬಹುದು. ಮಾರುವವರು ಒಂದೇ ಒಂದು ಗೀರೂ ಬಿದ್ದಿಲ್ಲ ಅಂದಿದ್ದರು. ಸರ್ವಿಸ್ ಪುಸ್ತಕ 61 ಸಾವಿರ ಕಿಲೋಮೀಟರಿಗೆ ನಿಂತಿತ್ತು. ಮೀಟರಿನಲ್ಲಿ 78 ಸಾವಿರ. ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಇನ್ನೂ ಇತ್ತು. ಸಾಲ ತೀರಿದ್ದರೂ ಎನ್‌ಒಸಿ (ಬಾಕಿ ಇಲ್ಲ ಅನ್ನುವ ಬ್ಯಾಂಕಿನ ಪತ್ರ) ಮತ್ತು ಫಾರಂ 35 ಕೊಟ್ಟು ಅದನ್ನು ತೆಗೆಸದೆ ಗಾಡಿ ಹೆಸರಿಗೆ ಆಗುವುದಿಲ್ಲ. ಸುಮ್ನೆ ಹೆಸರು ಬದಲಾವಣೆಯ ಫಾರಂ 29, 30ಕ್ಕೆ ಸಹಿ ಹಾಕಿಕೊಟ್ಟರೆ ಸಾಲದು.

ಸ್ಕ್ಯಾನರ್ ಹಾಕಿದರೆ ಒಂದೂ ದೋಷ ಇಲ್ಲ. ಅದನ್ನು ನೋಡಿ ಟೀಚರ್‌ಗೆ ಸಮಾಧಾನ ಆಯಿತಂತೆ. ಮೆಕ್ಯಾನಿಕ್‌ಗೆ ಅನುಮಾನ ಬಂತು. ಕಾರಿನ ಕಂಪ್ಯೂಟರ್ ತನ್ನನ್ನು ತಾನೇ ಪರೀಕ್ಷೆ ಮಾಡಿಕೊಂಡು ಮುಗಿಸಿರಲಿಲ್ಲ. ಅದರಲ್ಲಿ ದಾಖಲಾದ ದೋಷದ ಕೋಡನ್ನು ಇತ್ತೀಚೆಗೆ ಯಾರಾದರೂ ಅಳಿಸಿದ್ದರೆ ಹಾಗಾಗುತ್ತದೆ. "ಅಕ್ಕ, ದುರ್ಗಕ್ಕೆ ಹೋಗಿ ಬರೋಣ" ಅಂದರು. ನಾಮದ ಚಿಲುಮೆ ದಾಟಿ ದೇವರಾಯನದುರ್ಗದ ಏರು ಹತ್ತುವಾಗ, ತಿರುವಿನಲ್ಲಿ ನಿಲ್ಲಿಸಿ ಮತ್ತೆ ಎತ್ತಿದಾಗ, ಒಂದರಿಂದ ಎರಡಕ್ಕೆ ಹೋಗುವಲ್ಲಿ ಕಾರು ನಡುಗಿತು. ಮೂರು ಸಲ ಮಾಡಿಸಿದರು. ಮೂರು ಸಲವೂ ನಡುಗಿತು.

"ಗಾಡಿ ಲಕ್ಷಣವಾಗಿದೆ ಅಕ್ಕ. ಇದು ನಾಳೆ ನಿಲ್ಲುತ್ತೋ, ಎರಡು ವರ್ಷ ಓಡುತ್ತೋ, ನಾನು ಹೇಳಲಾರೆ."

ಇಳಿಯುವಾಗ ಟೀಚರ್ ಓಡಿಸಲಿಲ್ಲ. ಹಿಂದೆ ಕೂತಿದ್ದರಂತೆ. ಊರು ಬರುವವರೆಗೆ ಗಂಡ ಒಂದು ಮಾತೂ ಆಡಲಿಲ್ಲ, ನಾನು ಹೇಳಿರಲಿಲ್ವಾ ಅಂತ ಅನ್ನಲಿಲ್ಲ. ನನಗೆ ಇದನ್ನು ಹೇಳುವಾಗ ಟೀಚರ್ ಎರಡು ಸಲ ಹೇಳಿದರು.

ಬೇಡ ಅಂತ ಮಾರುವವರಿಗೆ ಟೀಚರೇ ಫೋನ್ ಮಾಡಿದರು. ಟೋಕನ್‌ನಲ್ಲಿ ಅರ್ಧ ವಾಪಸ್ ಬಂತು. ನಾಲ್ಕು ದಿನ ಬೇಜಾರಾಗಿತ್ತು, ಯಾರೋ ಹೋದಂಗೆ ಅಂದರು. ಬೇಜಾರು ಆಗಲಿ, ಅದನ್ನು ಬೇಗ ಒರೆಸಿಹಾಕಲು ಹೋಗಬೇಡಿ ಅಂದೆ. ಮನಸ್ಸಿನಲ್ಲಿ ಎಷ್ಟೋ ಸಲ ಓಡಿಸಿದ್ದ ಕಾರು ಅದು.

ಎರಡು ತಿಂಗಳ ಮೇಲೆ ಫೋನ್ ಬಂತು. 2018ರ ಒಂದು ಸಣ್ಣ ಕಾರು ತಗೊಂಡಿದ್ದಾರೆ. ಕೈಯಲ್ಲೇ ಗೇರ್ ಹಾಕುವಂಥದ್ದು. ಗುಬ್ಬಿಯಲ್ಲೇ ರಿಪೇರಿ ಆಗುವಂಥದ್ದು. ರಿಪೇರಿಗೆ ಅಂತ 80 ಸಾವಿರ ಬೇರೆ ಖಾತೆಯಲ್ಲಿ ಉಳಿದಿದೆ. ನೋಡಲು ಹೋದಲ್ಲಿ ಬೂದಿ ಬಣ್ಣದ್ದೊಂದು, ಕಡುಕೆಂಪಿನದ್ದೊಂದು ಇತ್ತಂತೆ. ಕೆಂಪಿನದ್ದಕ್ಕೆ 15 ಸಾವಿರ ಜಾಸ್ತಿ. ಗಂಡ ಬೂದಿ ಬಣ್ಣದ ಕಡೆ ಕೈ ತೋರಿಸಿ, ಮತ್ತೆ ಕೈ ಇಳಿಸಿಕೊಂಡರಂತೆ.

"ಆ ರಸ್ತೆ ಧೂಳೆಲ್ಲ ಎದ್ದು ಕಾಣುತ್ತೆ ಮೇಡಂ. ಭಾನುವಾರ ಇವರೇ ಪೈಪ್ ಹಿಡೀತಾರೆ."

ಇನ್ಶೂರೆನ್ಸ್ ನಿಮ್ಮ ಹೆಸರಿಗೆ ಮಾಡಿಸಿದ್ರಾ ಅಂತ ಕೇಳಿದೆ. ಕೊಂಡ 14 ದಿನದೊಳಗೆ ಅರ್ಜಿ ಕೊಡಬೇಕು, ಇಲ್ಲದಿದ್ದರೆ ಏನಾದರೂ ಆದಾಗ ಗಾಡಿಯ ರಿಪೇರಿ ದುಡ್ಡು ಸಿಗುವುದು ಕಷ್ಟ. ಹನ್ನೆರಡನೇ ದಿನವೇ ಆಯಿತು ಅಂದರು. ಹಿಂದೆ ಮಕ್ಕಳ ಗಲಾಟೆ ಕೇಳುತ್ತಿತ್ತು. ಹಾಲು ಕೊಡುವ ಹೊತ್ತಾಯಿತು ಅಂತ ಫೋನ್ ಇಟ್ಟರು.