ಬೆಂಗಳೂರಲ್ಲಿ ಮನೆ ನೋಡುವಾಗ ಮೊದಲು ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿ

ದಾವಣಗೆರೆಯಿಂದ ಬೆಂಗಳೂರಿಗೆ ಬರುತ್ತಿದ್ದೀರಿ, ಜೊತೆಗೆ ಹೆಂಡತಿ ಮತ್ತು ಮಂಡಿನೋವಿರುವ ಅಮ್ಮ, ಎರಡು ಬೆಡ್‌ರೂಮಿನ ಅಪಾರ್ಟ್‌ಮೆಂಟ್ ಬೇಕು, ಏನೇನು ನೋಡಬೇಕು ಅಂತ ಕೇಳಿದ್ದೀರಿ. ನಾನು ಈ ಊರಿಗೆ ಬಂದು ಹದಿಮೂರು ವರ್ಷವಾಯಿತು, ಈಗಿರುವುದು ಐದನೇ ಬಾಡಿಗೆ ಮನೆ. ನಿಮ್ಮ ಪ್ರಶ್ನೆಯಲ್ಲಿ ಬಾಡಿಗೆ, ಆಫೀಸಿನ ದೂರ, ಪಾರ್ಕಿಂಗ್ ಎಲ್ಲ ಇದೆ, ನೀರಿನ ಮಾತೇ ಇಲ್ಲ. ಹಾಗಾಗಿ ಅಲ್ಲಿಂದಲೇ ಶುರು ಮಾಡುತ್ತೇನೆ.

"ಕಾವೇರಿ ನೀರಿದೆಯಾ?" ಅಂತ ಕೇಳಿದರೆ ಎಲ್ಲರೂ "ಇದೆ ಸಾರ್" ಅನ್ನುತ್ತಾರೆ. ಅಷ್ಟಕ್ಕೇ ಬಿಡಬೇಡಿ. ವಾರಕ್ಕೆ ಎಷ್ಟು ದಿನ ಬರುತ್ತೆ? ಎಷ್ಟು ಹೊತ್ತು? ಸಂಪು ಎಷ್ಟು ದೊಡ್ಡದು? ಏಪ್ರಿಲ್‌ನಲ್ಲಿ ಬೋರ್‌ವೆಲ್ ನೀರು ಕೊಡುತ್ತಾ? ಟ್ಯಾಂಕರ್ ತರಿಸಿದರೆ ಆ ದುಡ್ಡು ಮೇಂಟೆನೆನ್ಸಿನಲ್ಲೇ ಸೇರಿದೆಯಾ, ಬೇರೆ ಕೊಡಬೇಕಾ? ಇದನ್ನು ಮಾಲೀಕರ ಹತ್ತಿರ ಒಂದು ಸಲ ಕೇಳಿ, ವಾಚ್‌ಮನ್ ಹತ್ತಿರ ಇನ್ನೊಂದು ಸಲ ಕೇಳಿ. ಎರಡು ಉತ್ತರವೂ ಒಂದೇ ಆದರೆ ನಂಬಬಹುದು.

2024ರ ಬೇಸಿಗೆಯಲ್ಲಿ ನಾವು ವೈಟ್‌ಫೀಲ್ಡ್ ಕಡೆ ಇದ್ದೆವು. ಪೂರ್ತಿ ಬೋರ್‌ವೆಲ್ ನಂಬಿದ್ದ ಕಟ್ಟಡ. ಮಾರ್ಚ್ ಹೊತ್ತಿಗೆ ಬೋರ್ ಬತ್ತಿತು. ಬೆಳಿಗ್ಗೆ ಎರಡು ಗಂಟೆ, ಸಂಜೆ ಒಂದು ಗಂಟೆ ಮಾತ್ರ ನೀರು. ಮಗಳಿಗೆ ಆಗ ಎಂಟು ತಿಂಗಳು. ಅವಳ ಬಟ್ಟೆ ಒಗೆದ ನೀರನ್ನು ಬಕೆಟ್‌ನಲ್ಲಿ ಹಿಡಿದಿಟ್ಟು ಟಾಯ್ಲೆಟ್‌ಗೆ ಹಾಕುತ್ತಿದ್ದೆವು. 3,000 ರೂಪಾಯಿ ಇದ್ದ ಮೇಂಟೆನೆನ್ಸ್ ಟ್ಯಾಂಕರ್ ಖರ್ಚು ಸೇರಿ 6,500 ಆಯಿತು. ಮನೆ ಚೆನ್ನಾಗಿತ್ತು, ಗಾಳಿ ಬೆಳಕು ಚೆನ್ನಾಗಿತ್ತು. ಆದರೂ ಜೂನ್‌ನಲ್ಲಿ ಖಾಲಿ ಮಾಡಿದೆವು.

ಅದೇ ವರ್ಷ ಅಕ್ಟೋಬರ್‌ನಲ್ಲಿ ಕಾವೇರಿ ಐದನೇ ಹಂತ ಶುರುವಾಯಿತು. ಮುಖ್ಯವಾಗಿ ನಗರಕ್ಕೆ ಆಮೇಲೆ ಸೇರಿದ 110 ಹಳ್ಳಿಗಳಿಗೆ ಅಂತ ದಿನಕ್ಕೆ 77.5 ಕೋಟಿ ಲೀಟರ್ ತರುವ ಯೋಜನೆ ಅದು. ಆದರೆ ರಸ್ತೆಯಲ್ಲಿ ಪೈಪ್ ಇದ್ದ ಮಾತ್ರಕ್ಕೆ ಕಟ್ಟಡಕ್ಕೆ ನೀರು ಬರುವುದಿಲ್ಲ. ಕಟ್ಟಡದವರು ದುಡ್ಡು ಕಟ್ಟಿ ಕನೆಕ್ಷನ್ ತೆಗೆದುಕೊಂಡಿರಬೇಕು. ಜಲಮಂಡಳಿಯ ಬಿಲ್ ಒಂದು ಸಲ ತೋರಿಸಿ ಅಂತ ಕೇಳಿ. ಕೇಳುವುದರಲ್ಲಿ ಸಂಕೋಚ ಬೇಡ.

ಮನೆ ಒಳಗೆ ಹೋದ ಕೂಡಲೇ ಹಾಲ್ ನೋಡುತ್ತಾ ನಿಲ್ಲಬೇಡಿ. ನೇರ ಬಚ್ಚಲಿಗೆ ಹೋಗಿ ಶವರ್ ನೋಡಿ. ತೂತುಗಳ ಸುತ್ತ ಸುಣ್ಣದ ಹಾಗೆ ಬಿಳಿ ಕರೆ ಕಟ್ಟಿದೆಯಾ? ಉಗುರಿನಿಂದ ಕೆರೆದರೆ ಚಕ್ಕೆ ಏಳುತ್ತದೆಯಾ? ಹಾಗಿದ್ದರೆ ಗಡಸು ನೀರು. ಸೋಪು ನೊರೆ ಬರುವುದಿಲ್ಲ, ಬೇಳೆ ಬೇಗ ಬೇಯುವುದಿಲ್ಲ, ಗೀಸರ್ ಕಾಯಿಲ್ ಬೇಗ ಹಾಳಾಗುತ್ತದೆ. ಆಮೇಲೆ ವಾರ್ಡ್‌ರೋಬ್ ಬಾಗಿಲು ತೆಗೆದು ಒಳಗೆ ತಲೆ ಹಾಕಿ ಮೂಸಿ ನೋಡಿ. ಗೋಡೆಗೆ ಹೊಸದಾಗಿ ಬಣ್ಣ ಹೊಡೆದಿದ್ದರೂ ಮುಗ್ಗಲು ವಾಸನೆ ಅಲ್ಲಿ ಸಿಕ್ಕಿಬೀಳುತ್ತದೆ. ಬಚ್ಚಲಿನ ಆಚೆ ಬದಿಯ ಗೋಡೆಯನ್ನೂ ಕೈಯಿಂದ ಮುಟ್ಟಿ ನೋಡಿ.

ಅಮ್ಮನ ವಿಷಯ. ಲಿಫ್ಟ್ ಇದ್ದರೆ ಸಾಲದು, ಕರೆಂಟ್ ಹೋದಾಗ ಜನರೇಟರ್‌ನಲ್ಲಿ ಲಿಫ್ಟ್ ಓಡುತ್ತಾ ಅಂತ ಕೇಳಿ. ಇಲ್ಲ ಅಂದರೆ ಮೊದಲ ಮಹಡಿಗಿಂತ ಮೇಲೆ ಹೋಗಬೇಡಿ. ಅವರು ಮಲಗುವ ರೂಮಿಗೆ ಅಟ್ಯಾಚ್ ಆಗಿರುವ ಕಮೋಡ್ ಇದ್ದರೆ ರಾತ್ರಿ ಎದ್ದಾಗ ಬಹಳ ಅನುಕೂಲ. ಸಾಧ್ಯವಾದರೆ ಒಪ್ಪಿಕೊಳ್ಳುವ ಮುಂಚೆ ಅವರನ್ನೇ ಕರೆತಂದು ಬಚ್ಚಲಿನ ಮೆಟ್ಟಿಲು, ಟೈಲ್ಸ್ ಜಾರುತ್ತಾ ಇಲ್ವಾ ಅಂತ ನೋಡಿಸಿ. ದಿನವಿಡೀ ಮನೆಯಲ್ಲಿ ಇರುವವರು ಅವರೇ ಅಲ್ವಾ?

ಮಳೆಗಾಲದಲ್ಲಿ ಆ ರಸ್ತೆ ಹೇಗಿರುತ್ತೆ ಅಂತ ಬ್ರೋಕರ್ ಹೇಳುವುದಿಲ್ಲ. ಪಕ್ಕದ ಇಸ್ತ್ರಿ ಅಂಗಡಿಯವರು ಹೇಳುತ್ತಾರೆ. 2022ರ ಸೆಪ್ಟೆಂಬರ್‌ನಲ್ಲಿ ಹೊರವರ್ತುಲ ರಸ್ತೆಯ ಆಸುಪಾಸಿನ ಬಡಾವಣೆಗಳಿಂದ ಜನರನ್ನು ಟ್ರ್ಯಾಕ್ಟರ್, ದೋಣಿಯಲ್ಲಿ ಕರೆತಂದರು. ಹತ್ತಿರ ರಾಜಕಾಲುವೆ, ಅಂದರೆ ಮಳೆನೀರು ಹರಿಯುವ ದೊಡ್ಡ ಕಾಲುವೆ ಇದೆಯಾ, ಬೇಸ್‌ಮೆಂಟ್ ಪಾರ್ಕಿಂಗ್‌ಗೆ ನೀರು ನುಗ್ಗಿತ್ತಾ, ಇಷ್ಟು ತಿಳಿದುಕೊಳ್ಳಿ.

ಇನ್ನು ಅಡ್ವಾನ್ಸ್. ಹಿಂದೆ ಇಲ್ಲಿ ಹತ್ತು ತಿಂಗಳ ಬಾಡಿಗೆ ಕೇಳುವುದು ರೂಢಿ, ಈಗಲೂ ಕೇಳುವವರಿದ್ದಾರೆ. ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆಯಲ್ಲಿ ವಾಸದ ಮನೆಗೆ ಎರಡು ತಿಂಗಳಿಗಿಂತ ಜಾಸ್ತಿ ಬೇಡ ಅಂತ ಇದೆ. ಆದರೆ ಅದು ಮಾದರಿ ಮಾತ್ರ, ತಾನಾಗಿಯೇ ಇಲ್ಲಿ ಜಾರಿಗೆ ಬರುವುದಿಲ್ಲ. ಹಾಗಾಗಿ ಚೌಕಾಸಿ ಮಾಡಿ. ನಾಲ್ಕೈದು ತಿಂಗಳಿಗೆ ಇಳಿಯುವವರು ಸಿಗುತ್ತಾರೆ. ಯಾವ ಕಾರಣಕ್ಕೂ ಕ್ಯಾಶ್ ಕೊಡಬೇಡಿ, ಬ್ಯಾಂಕಿನಿಂದಲೇ ಹಾಕಿ.

ಖಾಲಿ ಮಾಡುವಾಗ ಪೇಂಟಿಂಗ್‌ಗೆ ಅಂತ ಒಂದು ತಿಂಗಳ ಬಾಡಿಗೆ ಮುರಿದುಕೊಳ್ಳುವುದು ಇಲ್ಲಿ ಮಾಮೂಲು. ನನ್ನ ಮೂರನೇ ಮನೆಯವರು ಅದರ ಮೇಲೆ ಕ್ಲೀನಿಂಗ್, ನಲ್ಲಿ ರಿಪೇರಿ ಅಂತ ಇನ್ನೂ 14,000 ಹಿಡಿದುಕೊಂಡರು. ಆ ನಲ್ಲಿ ನಾವು ಬರುವ ಮುಂಚೆಯೇ ಸೋರುತ್ತಿತ್ತು, ಆದರೆ ತೋರಿಸಲು ನನ್ನ ಹತ್ತಿರ ಏನೂ ಇರಲಿಲ್ಲ. ನೀವು ಕೀ ಸಿಕ್ಕ ದಿನವೇ, ಸಾಮಾನು ಇಳಿಸುವ ಮುಂಚೆ ಎಲ್ಲ ರೂಮು, ನಲ್ಲಿ, ಕಿಟಕಿ, ಸ್ವಿಚ್ ವಿಡಿಯೋ ಮಾಡಿ ಮಾಲೀಕರಿಗೆ ವಾಟ್ಸಾಪ್ ಕಳಿಸಿ. ಎಷ್ಟು ಮುರಿದುಕೊಳ್ಳುತ್ತಾರೆ, ಎಷ್ಟು ದಿನದಲ್ಲಿ ಉಳಿದಿದ್ದು ವಾಪಸ್ ಕೊಡುತ್ತಾರೆ ಅನ್ನುವುದು ಅಗ್ರಿಮೆಂಟ್‌ನಲ್ಲೇ ಇರಲಿ. ಬಾಯಿಮಾತು ಬೇಡ. ಅಗ್ರಿಮೆಂಟ್ 11 ತಿಂಗಳಿಗೆ ಇದ್ದರೆ ಗಾಬರಿಯಾಗಬೇಡಿ. ಒಂದು ವರ್ಷ ಮೀರಿದರೆ ರಿಜಿಸ್ಟರ್ ಮಾಡಿಸಬೇಕಾಗುತ್ತದೆ, ಅದಕ್ಕೇ ಹಾಗೆ ಬರೆಯುತ್ತಾರೆ.

ಕರೆಂಟ್‌ಗೆ ಪ್ರತ್ಯೇಕ ಮೀಟರ್ ಇರಲೇಬೇಕು. ಗೃಹಜ್ಯೋತಿ ಬಾಡಿಗೆದಾರರಿಗೂ ಸಿಗುತ್ತದೆ, ಆ ಮೀಟರ್‌ನ ಆರ್‌ಆರ್ ನಂಬರ್ (ಕರೆಂಟ್ ಬಿಲ್‌ನಲ್ಲಿರುವ ಕನೆಕ್ಷನ್ ನಂಬರ್) ಕೇಳಿ ಇಟ್ಟುಕೊಳ್ಳಿ.

"ಲೀಸ್‌ಗೆ ಹಾಕಿಕೊಳ್ಳಿ, ಬಾಡಿಗೆಯೇ ಇಲ್ಲ" ಅಂತ ಬ್ರೋಕರ್ ಆಸೆ ತೋರಿಸಬಹುದು. ಹತ್ತಿಪ್ಪತ್ತು ಲಕ್ಷ ಒಟ್ಟಿಗೆ ಕೊಡುವ ವ್ಯವಹಾರ ಅದು. ಆ ಮನೆ ಮೇಲೆ ಬ್ಯಾಂಕ್ ಸಾಲ ಇದ್ದು ಮಾಲೀಕರು ಕಂತು ಕಟ್ಟದಿದ್ದರೆ, ಬ್ಯಾಂಕ್ ಮನೆಯನ್ನು ಹರಾಜಿಗೆ ಹಾಕುತ್ತದೆ, ನಿಮ್ಮ ದುಡ್ಡಿಗಾಗಿ ಕೋರ್ಟ್ ಅಲೆಯಬೇಕಾಗುತ್ತದೆ. ಹೊಸದಾಗಿ ಬರುವವರು, ಅದರಲ್ಲೂ ಅಮ್ಮನನ್ನು ಕರೆತರುವವರು, ದಯವಿಟ್ಟು ಆ ಕಡೆ ಹೋಗಬೇಡಿ.

ಆಫೀಸ್ ಎಷ್ಟು ದೂರ ಇರಬೇಕು ಅಂತ ಬರೆದಿದ್ದೀರಿ, ಯಾವ ಕಡೆ ಅಂತ ಬರೆದಿಲ್ಲ. ಏರಿಯಾ ಹೇಳಿ. ಅಲ್ಲಿಯ ನೀರು, ಮಳೆ ಬಗ್ಗೆ ನನಗೆ ಗೊತ್ತಿರುವಷ್ಟು ಬರೆಯುತ್ತೇನೆ.